ಪಕ್ಕದ ಆಸನ ಖಾಲಿಯಾದಾಗ

ಕಾರ್ ರ‍್ಯಾಲಿ ಎಂದೊಡನೆ ನಮ್ಮ ಬಳಗದ ಹಿರಿಯರಿಗೆ ಮೊದಲು ನೆನಪಾಗುವುದು ಬೆಂಗಳೂರಿನ ‘ಕೆ-1000’. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ನಡೆಸಿಕೊಂಡು ಬಂದ ಈ ಸ್ಪರ್ಧೆಯ ದೆಸೆಯಿಂದ ಊರಾಚೆಯ ಮಣ್ಣಿನ ರಸ್ತೆಗಳಲ್ಲಿ ಕೆಂಧೂಳೆಬ್ಬಿಸಿ ಓಡುವ ಕಾರುಗಳನ್ನು ನೋಡುವ ಭಾಗ್ಯ ನಮ್ಮವರಿಗೂ ದೊರೆತಿತ್ತು. ಬ್ರಿಟನ್ನಿಗೆ ಬಂದ ಮೇಲೆ ಧೂಳಿನ ಜಾಗಕ್ಕೆ ವೇಲ್ಸ್ ಕಾಡುಗಳ ಕೆಸರು ಬಂತು, ಅಷ್ಟೆ. ನಮ್ಮ ಮಕ್ಕಳಂತೂ 1998ರಲ್ಲಿ ಬಂದ ಕಾಲಿನ್ ಮೆಕ್‌ರೇ ಹೆಸರಿನ ವಿಡಿಯೋ ಆಟದಿಂದಲೇ ಈ ಕ್ರೀಡೆಯನ್ನು ಕಲಿತವರು.

ರ‍್ಯಾಲಿಯನ್ನು ಕುರಿತ ಚಿತ್ರಗಳಲ್ಲಿ, ಅದರಲ್ಲೂ ಕಿರುಚಿತ್ರಗಳಲ್ಲಿ, ಒಂದು ಕಥೆಗೆ ಬಹಳ ಬೇಡಿಕೆ. ಚಾಲಕನೊಬ್ಬ ಅಪಘಾತದಲ್ಲಿ ತನ್ನ ಜೊತೆಗಾರನನ್ನು ಕಳೆದುಕೊಳ್ಳುತ್ತಾನೆ. ಕಾರಿಗೆ ಹೊದಿಕೆ ಹೊದಿಸಿ ವರ್ಷಗಟ್ಟಲೆ ಮೌನವಾಗಿರುತ್ತಾನೆ. ಒಂದು ದಿನ ಹೊದಿಕೆ ತೆಗೆಯುತ್ತಾನೆ, ಸ್ಪರ್ಧೆಗೆ ಮರಳುತ್ತಾನೆ, ಗೆಲ್ಲುತ್ತಾನೆ. ಇಪ್ಪತ್ತು ನಿಮಿಷದೊಳಗೆ ದುಃಖ ಬಗೆಹರಿದು, ನೋಡಿದವರು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ. ಚರಿತ್ರೆಯಲ್ಲಿ ನಿಜವಾಗಿ ಹೀಗೆ ನಡೆದಿದೆಯೇ? ಜೊತೆಗಾರರನ್ನು ಕಳೆದುಕೊಂಡವರು ಆಮೇಲೆ ಏನು ಮಾಡಿದರು? ವೈದ್ಯವೃತ್ತಿಯಲ್ಲಿ ಸಾವನ್ನೂ, ಸಾವಿನ ಮನೆಯವರನ್ನೂ ದಿನನಿತ್ಯ ಕಾಣುವ ನಮಗೆ ಈ ಪ್ರಶ್ನೆ ಕೇವಲ ಕ್ರೀಡೆಯದೆಂದು ತೋರಲಿಲ್ಲ. ಆದ್ದರಿಂದ ಈ ಲೇಖನ.

ಮೊದಲು, ಈ ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಫಾರ್ಮುಲಾ ಒನ್ ಪಂದ್ಯದಲ್ಲಿ ಒಬ್ಬನೇ ಚಾಲಕ ಒಂದೇ ಸುತ್ತುಹಾದಿಯನ್ನು ಮತ್ತೆ ಮತ್ತೆ ಸುತ್ತುತ್ತಾನೆ. ರ‍್ಯಾಲಿಯಲ್ಲಿ ಹಾಗಲ್ಲ. ಮಾಮೂಲಿ ರಸ್ತೆಗಳನ್ನೇ ಮುಚ್ಚಿ, ಹಂತ ಹಂತವಾಗಿ, ಒಂದೊಂದೇ ಕಾರನ್ನು ಗಡಿಯಾರದ ವಿರುದ್ಧ ಬಿಡುತ್ತಾರೆ. ಕಾರಿನಲ್ಲಿ ಇಬ್ಬರು. ಸ್ಪರ್ಧೆಗೆ ಮುಂಚೆ ಇಬ್ಬರೂ ಆ ರಸ್ತೆಯಲ್ಲಿ ನಿಧಾನವಾಗಿ ಸಾಗುತ್ತಾರೆ. ಚಾಲಕ ಪ್ರತಿ ತಿರುವನ್ನೂ ವರ್ಣಿಸುತ್ತಾನೆ, ಸಹಚಾಲಕ ತನ್ನ ಸಂಕೇತಗಳಲ್ಲಿ ಬರೆದುಕೊಳ್ಳುತ್ತಾನೆ. ಸ್ಪರ್ಧೆಯ ದಿನ ಸಹಚಾಲಕ ಓದುತ್ತ ಹೋಗುತ್ತಾನೆ: ಇಷ್ಟು ಮೀಟರ್ ದೂರ, ಬಲ ತಿರುವು, ಕಡಿದಾದದ್ದು, ಒಳಗೆ ಕಲ್ಲಿದೆ. ಮುಂದಿನ ತಿರುವು ಕಣ್ಣಿಗೆ ಬೀಳುವ ಮೊದಲೇ ಚಾಲಕ ಕಿವಿಯಿಂದ ಅದನ್ನು ಕಂಡಿರುತ್ತಾನೆ. ಪಕ್ಕದ ಸೀಟಿನಿಂದ ಬರುವ ಸೂಚನೆಯನ್ನು ಮರುಮಾತಿಲ್ಲದೆ ಪಾಲಿಸುವ ಗಂಡಸರು ಜಗತ್ತಿನಲ್ಲಿ ಇವರು ಮಾತ್ರವೇ ಎಂದು ನಮ್ಮ ಮನೆಯವರ ಅಭಿಪ್ರಾಯ!

ತಮಾಷೆ ಹಾಗಿರಲಿ. ಒಬ್ಬನ ಪ್ರಾಣ ಇನ್ನೊಬ್ಬನ ದನಿಯಲ್ಲಿರುತ್ತದೆ, ಇನ್ನೊಬ್ಬನ ಪ್ರಾಣ ಇವನ ಕೈಯಲ್ಲಿರುತ್ತದೆ. ಶಸ್ತ್ರಚಿಕಿತ್ಸಕನಿಗೂ ಅರಿವಳಿಕೆ ವೈದ್ಯನಿಗೂ ಇರುವ ನಂಟು ಸ್ವಲ್ಪಮಟ್ಟಿಗೆ ಇದೇ ಬಗೆಯದು. ಆದರೆ ನಮ್ಮ ಥಿಯೇಟರಿನಲ್ಲಿ ಅಪಾಯವಿರುವುದು ಮೇಜಿನ ಮೇಲೆ ಮಲಗಿದವನಿಗೆ. ಇಲ್ಲಿ ಇಬ್ಬರಿಗೂ.

ಈಗ ಚರಿತ್ರೆಗೆ ಬರೋಣ. 1982ರಲ್ಲಿ ‘ಗ್ರೂಪ್ ಬಿ’ ಎಂಬ ಹೊಸ ದರ್ಜೆಯ ಕಾರುಗಳು ಬಂದವು. ಒಂದು ಮಾದರಿಯ 200 ಕಾರುಗಳನ್ನು ತಯಾರಿಸಿದರೆ ಸಾಕು, ಕಂಪನಿಗೆ ಸ್ಪರ್ಧೆಯ ಪರವಾನಗಿ ದೊರೆಯುತ್ತಿತ್ತು. ಹೀಗಾಗಿ ಕೆಲವೇ ವರ್ಷಗಳಲ್ಲಿ ಹಗುರ ಮೈಯ, ಬೆಟ್ಟದಂಥ ಬಲದ ಯಂತ್ರಗಳು ಹಳ್ಳಿಯ ರಸ್ತೆಗಳಿಗೆ ಇಳಿದವು. ಸಾವಿರಾರು ಜನ ರಸ್ತೆಯ ಅಂಚಿನಲ್ಲೇ, ಕೆಲವೊಮ್ಮೆ ರಸ್ತೆಯ ಮೇಲೆಯೇ ನಿಂತು ನೋಡುತ್ತಿದ್ದರು. ನಮ್ಮೂರ ತೇರಿನ ಮುಂದೆ ಜನ ಬಾಯ್ತೆರೆದುಕೊಂಡು ಕಟ್ಟಕಡೆಯ ಕ್ಷಣದಲ್ಲಿ ಸರಿಯುತ್ತಾರಲ್ಲ, ಹಾಗೆ.

1985ರ ಮೇ 2ರಂದು ಫ್ರಾನ್ಸಿನ ಕಾರ್ಸಿಕಾ ದ್ವೀಪದ ರ‍್ಯಾಲಿಯಲ್ಲಿ ಇಟಲಿಯ ಅಟ್ಟಿಲಿಯೋ ಬೆಟ್ಟೇಗಾ ಓಡಿಸುತ್ತಿದ್ದ ಲಾನ್ಸಿಯಾ ಕಾರು ಮರಕ್ಕೆ ಬಡಿಯಿತು. ಬೆಟ್ಟೇಗಾ ಸತ್ತರು. ಪಕ್ಕದಲ್ಲಿದ್ದ ಮೌರಿಝಿಯೋ ಪೆರಿಸಿನೋಟ್ ಬದುಕಿ ಉಳಿದರು. ಮರುವರ್ಷ ಮಾರ್ಚಿನಲ್ಲಿ ಪೋರ್ಚುಗಲ್ಲಿನಲ್ಲಿ ಫೋರ್ಡ್ ಕಾರೊಂದು ಜನರ ಗುಂಪಿಗೆ ನುಗ್ಗಿ ಮೂವರು ಪ್ರೇಕ್ಷಕರು ತೀರಿಕೊಂಡರು, ಮೂವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಕಂಪನಿ ತಂಡಗಳ ಚಾಲಕರೆಲ್ಲ ಒಟ್ಟಾಗಿ ಮುಂದೆ ಓಡಿಸುವುದಿಲ್ಲವೆಂದು ಹಿಂದೆ ಸರಿದರು. ಆದರೂ ಋತು ಮುಂದುವರಿಯಿತು.

1986ರ ಮೇ 2. ಮತ್ತೆ ಅದೇ ಕಾರ್ಸಿಕಾ, ಅದೇ ದಿನಾಂಕ. ಬೆಟ್ಟೇಗಾ ಅವರ ಕಾರಿನ ಮೇಲೆ ಇದ್ದದ್ದು 4ನೇ ಸಂಖ್ಯೆ. ಆ ದಿನ ಫಿನ್‌ಲೆಂಡಿನ ಹೆನ್ರಿ ಟೋಯಿವೊನೆನ್ ಓಡಿಸುತ್ತಿದ್ದ ಲಾನ್ಸಿಯಾ ಡೆಲ್ಟಾ ಎಸ್4ರ ಮೇಲೂ ಅದೇ ಸಂಖ್ಯೆ. ಟೋಯಿವೊನೆನ್‌ಗೆ 29 ವರ್ಷ. ತಂದೆ ಪೌಲಿ ಟೋಯಿವೊನೆನ್ 1966ರಲ್ಲಿ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದವರು. ಸರಿಯಾಗಿ ಇಪ್ಪತ್ತು ವರ್ಷದ ನಂತರ, 1986ರ ಜನವರಿಯಲ್ಲಿ, ಮಗನೂ ಅದನ್ನೇ ಗೆದ್ದಿದ್ದ. ಕಾರ್ಸಿಕಾದಲ್ಲಿ ಮೈಗೆ ಹುಷಾರಿಲ್ಲದಿದ್ದರೂ ಆತ ಮುನ್ನಡೆಯಲ್ಲಿದ್ದ. ಎಡತಿರುವೊಂದರಲ್ಲಿ ಕಾರು ರಸ್ತೆ ಬಿಟ್ಟು ಕೆಳಗಿನ ಮರಗಳ ನಡುವೆ ಬಿದ್ದು ಹೊತ್ತಿಕೊಂಡಿತು. ಟೋಯಿವೊನೆನ್ ಮತ್ತು ಅವರ ಅಮೆರಿಕನ್ ಸಹಚಾಲಕ ಸೆರ್ಜಿಯೋ ಕ್ರೆಸ್ಟೋ ಇಬ್ಬರೂ ತೀರಿಕೊಂಡರು. ಅಪಘಾತ ಹೇಗಾಯಿತೆಂದು ಹತ್ತಿರದಿಂದ ಕಂಡವರಿಲ್ಲ. ಉಳಿದದ್ದು ಸುಟ್ಟು ಕರಕಲಾದ ಚೌಕಟ್ಟು ಮಾತ್ರ.

ಅಂತಾರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯ ಅಧ್ಯಕ್ಷ ಜ್ಯಾಂ-ಮರೀ ಬಾಲೆಸ್ತ್ರ್ ಕೂಡಲೇ ತೀರ್ಮಾನ ಕೈಗೊಂಡರು. 1987ರಿಂದ ವಿಶ್ವ ರ‍್ಯಾಲಿಯಲ್ಲಿ ಗ್ರೂಪ್ ಬಿ ಇಲ್ಲ. ಒಂದು ಸಂಸ್ಥೆ ಶೋಕಿಸುವ ಬಗೆ ಇದು. ಅದು ಅಳುವುದಿಲ್ಲ, ನಿಯಮ ಬದಲಿಸುತ್ತದೆ. ಒಬ್ಬನ ಸಾವಿಗೆ ಅಷ್ಟು ಬೇಗ ಎಚ್ಚರಗೊಳ್ಳದ ಸಂಸ್ಥೆ, ಸಾವಿನ ಮೇಲೆ ಸಾವು ಬಂದಾಗ ಎದ್ದಿತು ಎಂಬುದನ್ನೂ ಚರಿತ್ರೆ ಮರೆಯಬಾರದು. ಇಟಲಿಯವರು ಮಾತ್ರ ಬೆಟ್ಟೇಗಾ ಅವರನ್ನು ತಮ್ಮದೇ ರೀತಿಯಲ್ಲಿ ಉಳಿಸಿಕೊಂಡರು. ಬೊಲೊನ್ಯಾ ನಗರದ ಮೋಟಾರು ಮೇಳದಲ್ಲಿ ಅವರ ಹೆಸರಿನ ಸ್ಮಾರಕ ಸ್ಪರ್ಧೆ ಬಹುಕಾಲ ನಡೆಯಿತು.

ಒಂದು ಸಾವು ಉಪಕರಣವಾಗಿ ಬದಲಾದ ಕಥೆಯನ್ನೂ ಇಲ್ಲಿ ಹೇಳಬೇಕು. ಇದು ರ‍್ಯಾಲಿಯದಲ್ಲ, ಅಮೆರಿಕದ ಸುತ್ತುಹಾದಿಯದು. 1981ರಲ್ಲಿ ಪ್ಯಾಟ್ರಿಕ್ ಜ್ಯಾಕ್‌ಮಾರ್ ಎಂಬ ಚಾಲಕ ಪರೀಕ್ಷಾ ಓಟದಲ್ಲಿ ತಲೆಬುರುಡೆಯ ಬುಡ ಮುರಿದು ಸತ್ತರು. ಕಾರು ಥಟ್ಟನೆ ನಿಂತಾಗ ಪಟ್ಟಿಗಳು ಎದೆಯನ್ನು ಹಿಡಿದಿಡುತ್ತವೆ, ಆದರೆ ತಲೆಯನ್ನು ಹಿಡಿಯುವವರಿಲ್ಲ. ಶಿರಸ್ತ್ರಾಣದ ಭಾರವೂ ಸೇರಿ ತಲೆ ಮುಂದಕ್ಕೆ ಎಸೆಯಲ್ಪಡುತ್ತದೆ, ಕುತ್ತಿಗೆ ತಾಳುವುದಿಲ್ಲ. ಜ್ಯಾಕ್‌ಮಾರ್ ಅವರ ಗೆಳೆಯ, ಸ್ವತಃ ಚಾಲಕ, ಜಿಮ್ ಡೌನಿಂಗ್. ಡೌನಿಂಗ್ ಅವರ ಭಾವ ರಾಬರ್ಟ್ ಹಬ್ಬರ್ಡ್ ಮಿಶಿಗನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ದೇಹದ ಯಂತ್ರಶಾಸ್ತ್ರದ ಪ್ರಾಧ್ಯಾಪಕ. ಇಬ್ಬರೂ ಕೂಡಿ, ಹೆಗಲ ಮೇಲೆ ಕೂತು ಶಿರಸ್ತ್ರಾಣವನ್ನು ಎರಡು ಪಟ್ಟಿಗಳಿಂದ ಹಿಡಿದಿಡುವ ‘ಹ್ಯಾನ್ಸ್’ ಎಂಬ ಸಾಧನವನ್ನು ರೂಪಿಸಿದರು. ಬಹಳ ವರ್ಷ ಯಾರೂ ಕಿವಿಗೊಡಲಿಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಡೇಲ್ ಅರ್ನ್‌ಹಾರ್ಟ್ ಅದೇ ಬಗೆಯ ಪೆಟ್ಟಿನಿಂದ ಸತ್ತ ಮೇಲೆ ಎಲ್ಲರಿಗೂ ಅದು ಬೇಕಾಯಿತು. 2003ರಿಂದ ಫಾರ್ಮುಲಾ ಒನ್ನಿನಲ್ಲಿ ಕಡ್ಡಾಯವಾಯಿತು. ಇಂದು ರ‍್ಯಾಲಿ ಕಾರಿನ ಇಬ್ಬರೂ ಅದನ್ನು ತೊಟ್ಟೇ ಕೂರುತ್ತಾರೆ. ಗೆಳೆಯನನ್ನು ಕಳೆದುಕೊಂಡವನ ಇಪ್ಪತ್ತು ವರ್ಷದ ಹಟ ಎಷ್ಟು ಮಂದಿಯ ಕುತ್ತಿಗೆ ಉಳಿಸಿದೆಯೋ!

ಇನ್ನು ಜೊತೆಗಾರನನ್ನು ಕಳೆದುಕೊಂಡ ಚಾಲಕರ ವಿಷಯ. ಇಬ್ಬರನ್ನು ಮಾತ್ರ ತೆಗೆದುಕೊಳ್ಳುತ್ತೇವೆ.

ಮೊದಲನೆಯವರು ಎಸ್ಟೋನಿಯಾದ ಮಾರ್ಕೋ ಮಾರ್ಟಿನ್. ಇವರ ಪಕ್ಕದಲ್ಲಿದ್ದವರು ಇಂಗ್ಲೆಂಡಿನ ಮೈಕಲ್ ಪಾರ್ಕ್. ಎಲ್ಲರೂ ಪ್ರೀತಿಯಿಂದ ‘ಬೀಫ್’ ಎಂದು ಕರೆಯುತ್ತಿದ್ದರು. ಇಬ್ಬರೂ ಕೂಡಿ 2003 ಮತ್ತು 2004ರಲ್ಲಿ ಐದು ವಿಶ್ವ ರ‍್ಯಾಲಿಗಳನ್ನು ಗೆದ್ದಿದ್ದರು. 2005ರ ಸೆಪ್ಟೆಂಬರ್ 18, ಭಾನುವಾರ, ವೇಲ್ಸ್ ರ‍್ಯಾಲಿಯ ಕೊನೆಯ ದಿನ. ಪೋರ್ಟ್ ಟಾಲ್ಬಟ್ ಬಳಿಯ ಮಾರ್ಗಮ್ ಹಂತದಲ್ಲಿ ಅವರ ಪೆಜೋ ಕಾರು ಮರಕ್ಕೆ ಬಡಿಯಿತು. ಪೆಟ್ಟು ಬಿದ್ದದ್ದು ಪಾರ್ಕ್ ಕೂತಿದ್ದ ಬದಿಗೆ. 39 ವರ್ಷದ ಪಾರ್ಕ್ ಅಲ್ಲೇ ತೀರಿಕೊಂಡರು. ಮಾರ್ಟಿನ್‌ಗೆ ಹೇಳಿಕೊಳ್ಳುವಂಥ ಪೆಟ್ಟೇನೂ ಆಗಲಿಲ್ಲ.

ಉಳಿದ ಹಂತಗಳನ್ನು ರದ್ದುಪಡಿಸಿದರು. ಪೆಜೋ ತಂಡ ತನ್ನ ಇನ್ನೊಂದು ಕಾರನ್ನೂ ಹಿಂದಕ್ಕೆ ಪಡೆಯಿತು. ಆ ಹೊತ್ತಿಗೆ ಮುನ್ನಡೆಯಲ್ಲಿದ್ದವರು ಫ್ರಾನ್ಸಿನ ಸೆಬಾಸ್ಟಿಯನ್ ಲೋಬ್. ಗೆದ್ದರೆ ಅಂದೇ ವಿಶ್ವ ಚಾಂಪಿಯನ್ ಪಟ್ಟ. ಲೋಬ್ ಏನು ಮಾಡಿದರು ಗೊತ್ತೇ? ಸಮಯ ತನಿಖೆಯ ಠಾಣೆಗೆ ಬೇಕೆಂದೇ ನಿಗದಿತ ವೇಳೆಗಿಂತ ಮುಂಚೆ ಹೋಗಿ ಎರಡು ನಿಮಿಷದ ದಂಡ ಹಾಕಿಸಿಕೊಂಡು ಮೂರನೆಯ ಸ್ಥಾನಕ್ಕೆ ಇಳಿದರು. ಗೆಲುವು ನಾರ್ವೆಯ ಪೆಟ್ಟರ್ ಸೋಲ್‌ಬರ್ಗ್ ಅವರಿಗೆ ಹೋಯಿತು. ಅವರಿಗೂ ಅದು ಬೇಡವಾಗಿತ್ತು. ಲೋಬ್ ತಮ್ಮ ಪಟ್ಟವನ್ನು ಎರಡು ವಾರದ ಮೇಲೆ ಜಪಾನಿನಲ್ಲಿ ಪಡೆದರು. ಸೂತಕದ ಮನೆಯ ಮುಂದೆ ವಾದ್ಯ ನುಡಿಸಬಾರದೆಂಬ ತಿಳಿವಳಿಕೆ ನಮ್ಮೂರಿನದು ಮಾತ್ರವೆಂದು ನಾವು ಭಾವಿಸಬೇಕಾಗಿಲ್ಲ.

ಮಾರ್ಟಿನ್ ಆ ವರ್ಷದ ಉಳಿದ ರ‍್ಯಾಲಿಗಳಿಂದ ಹಿಂದೆ ಸರಿದರು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಮುಂದೆ ಅಲ್ಲೊಂದು ಇಲ್ಲೊಂದು ಸ್ಪರ್ಧೆಯಲ್ಲಿ ಕಾಣಿಸಿಕೊಂಡರೂ, ಪೂರ್ಣಾವಧಿಯ ವಿಶ್ವ ಸ್ಪರ್ಧೆಗೆ ಅವರು ಮರಳಲೇ ಇಲ್ಲ. ಚಿತ್ರಕಥೆಯ ಪ್ರಕಾರ ಇದು ಸೋಲು. ಆದರೆ ಅವರು ತಮ್ಮದೇ ತಂಡ ಕಟ್ಟಿ, ತಮ್ಮ ನಾಡಿನ ಓಟ್ ಟ್ಯಾನಕ್ ಎಂಬ ಯುವಕನನ್ನು ತಿದ್ದಿ ಬೆಳೆಸಿದರು. 2019ರಲ್ಲಿ ಟ್ಯಾನಕ್ ವಿಶ್ವ ಚಾಂಪಿಯನ್ ಆದರು. ಹದಿಮೂರು ಲಕ್ಷ ಚಿಲ್ಲರೆ ಜನಸಂಖ್ಯೆಯ ಪುಟ್ಟ ದೇಶಕ್ಕೆ ಅದು ಎಂಥ ಹಬ್ಬ! ತಾನು ಕೂರದ ಕುರ್ಚಿಯಲ್ಲಿ ಇನ್ನೊಬ್ಬನನ್ನು ಕೂರಿಸಿದವನನ್ನು ಸೋತವನೆನ್ನಲು ನಮಗಂತೂ ಮನಸ್ಸು ಬರುವುದಿಲ್ಲ.

ಎರಡನೆಯವರು ಐರ್ಲೆಂಡಿನ ವಾಟರ್‌ಫರ್ಡ್‌ನ ಕ್ರೇಗ್ ಬ್ರೀನ್. ಅವರ ಸಹಚಾಲಕ ವೇಲ್ಸಿನ ಗ್ಯಾರೆತ್ ರಾಬರ್ಟ್ಸ್. 2011ರಲ್ಲಿ ಇಬ್ಬರೂ ಕೂಡಿ ಕಿರಿಯರ ವಿಶ್ವ ಅಕಾಡೆಮಿ ಪ್ರಶಸ್ತಿ ಗೆದ್ದರು. 2012ರ ಜೂನ್ 16ರಂದು ಇಟಲಿಯ ಸಿಸಿಲಿಯಲ್ಲಿ ನಡೆದ ಟಾರ್ಗಾ ಫ್ಲೋರಿಯೋ ರ‍್ಯಾಲಿಯಲ್ಲಿ ರಸ್ತೆಯಂಚಿನ ಲೋಹದ ತಡೆಬೇಲಿ ಕಾರಿನೊಳಕ್ಕೆ ಚುಚ್ಚಿ ಬಂತು. ರಾಬರ್ಟ್ಸ್ ತೀರಿಕೊಂಡರು, ವಯಸ್ಸು 24. ಬ್ರೀನ್ ಪಾರಾದರು, ವಯಸ್ಸು 22.

ಬ್ರೀನ್ ಮರಳಿದರು. ಪಾಲ್ ನೇಗಲ್ ಎಂಬ ಅನುಭವಿ ಸಹಚಾಲಕ ಪಕ್ಕದಲ್ಲಿ ಕೂತರು. ಅದೇ ವರ್ಷ ಇಬ್ಬರೂ ತಮ್ಮ ದರ್ಜೆಯ ವಿಶ್ವ ಪ್ರಶಸ್ತಿಯನ್ನೂ ಗೆದ್ದರು. ಚಿತ್ರ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಾಲ್ಕು ವರ್ಷ ಕಳೆದು, 2016ರಲ್ಲಿ, ಸ್ಕಾಟ್ ಮಾರ್ಟಿನ್ ಎಂಬ ಹೊಸ ಸಹಚಾಲಕನೊಂದಿಗೆ ಫಿನ್‌ಲೆಂಡಿನಲ್ಲಿ ಮೂರನೆಯ ಸ್ಥಾನ ಪಡೆದಾಗ, ವಿಶ್ವ ರ‍್ಯಾಲಿಯ ಉನ್ನತ ದರ್ಜೆಯಲ್ಲಿ ಮೊದಲ ಬಾರಿಗೆ ವೇದಿಕೆ ಏರುವ ಮುನ್ನ, ಬ್ರೀನ್ ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತರು. ಪ್ರಶಸ್ತಿ ಗೆದ್ದ ಮಾತ್ರಕ್ಕೆ ದುಃಖ ಮುಗಿದಿರುವುದಿಲ್ಲ. ಅದು ಸೀಟಿನ ಕೆಳಗೆ ಕೂತು ಜೊತೆಯಲ್ಲೇ ಪ್ರಯಾಣ ಮಾಡುತ್ತದೆ.

2023ರ ಏಪ್ರಿಲ್ 13ರಂದು, ಕ್ರೊಯೇಷಿಯಾ ರ‍್ಯಾಲಿಗೆ ಮುಂಚಿನ ಪರೀಕ್ಷಾ ಓಟದಲ್ಲಿ, ಸ್ವತಃ ಕ್ರೇಗ್ ಬ್ರೀನ್ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 33. ಈ ಸಲ ಪಾರಾದವರು ಸಹಚಾಲಕ ಜೇಮ್ಸ್ ಫುಲ್ಟನ್. ಒಂದೇ ವಾರದ ನಂತರ ರ‍್ಯಾಲಿ ನಡೆಯಿತು. ಬ್ರೀನ್ ಅವರ ತಂಡ ಹ್ಯುಂಡೈ ತನ್ನ ಕಾರುಗಳಿಗೆ ಐರಿಶ್ ಧ್ವಜದ ಬಣ್ಣ ಬಳಿದು ಇಳಿಸಿತು. ಗೆದ್ದವರು ಯಾರು? ಟೊಯೋಟಾದ ಎಲ್ಫಿನ್ ಇವಾನ್ಸ್, ಅವರ ಪಕ್ಕದಲ್ಲಿ ಸ್ಕಾಟ್ ಮಾರ್ಟಿನ್. ಫಿನ್‌ಲೆಂಡಿನಲ್ಲಿ ಬ್ರೀನ್ ಅತ್ತಾಗ ಪಕ್ಕದಲ್ಲಿದ್ದ ಅದೇ ಸ್ಕಾಟ್ ಮಾರ್ಟಿನ್. ಇಂಥದ್ದನ್ನು ಕಥೆಯಲ್ಲಿ ಬರೆದರೆ ಸಂಪಾದಕರು ‘ಕಾಕತಾಳೀಯ ಹೆಚ್ಚಾಯಿತು’ ಎಂದು ಹಿಂದಿರುಗಿಸುತ್ತಾರೆ.

ಬ್ರೀನ್ ಮರಳಬಾರದಿತ್ತು, ಮಾರ್ಟಿನ್ ಹಾಗೆ ನಿಲ್ಲಿಸಬೇಕಿತ್ತು ಎಂದು ಕೆಲವರು ಹೇಳಬಹುದು. ಈ ವಾದ ನಮಗೆ ಒಪ್ಪಿಗೆಯಿಲ್ಲ. ಹನ್ನೊಂದು ವರ್ಷ ಆತ ಬದುಕಿದ್ದು, ಓಡಿಸಿದ್ದು, ಅತ್ತಿದ್ದು, ನಗಿಸಿದ್ದು ಎಲ್ಲವೂ ನಿಜ. ಕೊನೆಯೊಂದರಿಂದಲೇ ಇಡೀ ಬದುಕನ್ನು ಅಳೆಯುವುದು ನ್ಯಾಯವಲ್ಲ. ಒಬ್ಬ ನಿಲ್ಲಿಸಿದ, ಒಬ್ಬ ಮುಂದುವರಿಸಿದ. ಎರಡೂ ಶೋಕವೇ.

ವೈದ್ಯಶಾಸ್ತ್ರ ಇದಕ್ಕೇನು ಹೇಳುತ್ತದೆ? 1969ರಲ್ಲಿ ಎಲಿಜಬೆತ್ ಕ್ಯೂಬ್ಲರ್-ರಾಸ್ ಬರೆದ ಪುಸ್ತಕದಿಂದ ಐದು ಮೆಟ್ಟಿಲುಗಳ ಮಾತು ಮನೆಮಾತಾಯಿತು: ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ. ಆಕೆ ಮಾತನಾಡಿಸಿದ್ದು ಸ್ವತಃ ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು, ಅವರನ್ನು ಕಳೆದುಕೊಂಡವರನ್ನಲ್ಲ. ಇದನ್ನು ಮರೆತು ಜನ ಅದನ್ನು ಶೋಕದ ರೈಲ್ವೆ ವೇಳಾಪಟ್ಟಿಯಂತೆ ಬಳಸಿದರು. 1999ರಲ್ಲಿ ಹಾಲೆಂಡಿನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಖುಟ್ ಬೇರೆ ಚಿತ್ರ ಕೊಟ್ಟರು. ದುಃಖಿತನು ಮೆಟ್ಟಿಲೇರುವುದಿಲ್ಲ, ಉಯ್ಯಾಲೆಯಂತೆ ತೂಗುತ್ತಾನೆ. ಒಂದು ಹೊತ್ತು ಕಳೆದುಕೊಂಡದ್ದರ ಕಡೆಗೆ, ಇನ್ನೊಂದು ಹೊತ್ತು ಮುಂದಿನ ಕೆಲಸದ ಕಡೆಗೆ. ಎರಡೂ ಬೇಕು. ಅಪಘಾತದಲ್ಲಿ ತಾನೊಬ್ಬನೇ ಉಳಿದವನಿಗೆ ಇನ್ನೊಂದು ಹೊರೆ ಇದೆ: ನಾನೇಕೆ ಉಳಿದೆ ಎಂಬ ಅಪರಾಧಿ ಭಾವ. ಇದಕ್ಕೆ ಸಾಕ್ಷ್ಯದ ಅಗತ್ಯವಿಲ್ಲ, ತೀರ್ಪಿನಿಂದ ಅದು ತೊಲಗುವುದೂ ಇಲ್ಲ.

2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ‘ದೀರ್ಘಕಾಲದ ಶೋಕ’ ಎಂಬ ಹೆಸರು ಸೇರಿತು. ಅಲ್ಲಿ ಕನಿಷ್ಠ ಆರು ತಿಂಗಳ ಗಡುವು. ಅದೇ ವರ್ಷ ಅಮೆರಿಕದ ಮನೋವೈದ್ಯರ ಕೈಪಿಡಿ ವಯಸ್ಕರಿಗೆ ಹನ್ನೆರಡು ತಿಂಗಳೆಂದಿತು. ಅದಕ್ಕೆ ಮುಂಚಿನ ದುಃಖಕ್ಕೆ ಈ ಹೆಸರು ಅಂಟಿಸಬಾರದು ಎಂಬುದೇ ಇದರ ಅರ್ಥ. ಗಡುವು ದಾಟಿಯೂ, ಕಳೆದುಕೊಂಡವರ ಹಂಬಲ ದಿನವೂ ತೀವ್ರವಾಗಿದ್ದು, ಬದುಕು ನಡೆಸುವುದೇ ಕಷ್ಟವಾದರೆ ವೈದ್ಯರನ್ನು ಕಾಣಬೇಕು. ಅದಕ್ಕೆ ಚಿಕಿತ್ಸೆ ಇದೆ. ಆದರೆ ಸಾಯುವ ಯೋಚನೆಗಳು ಬಂದರೆ ಯಾವ ಗಡುವಿಗೂ ಕಾಯದೆ ಅಂದೇ ಕಾಣಬೇಕು. ನಮ್ಮ ಹಿರಿಯರು ಹದಿಮೂರು ದಿನ, ತಿಂಗಳು ತಿಂಗಳು ಮಾಸಿಕ, ವರ್ಷಕ್ಕೆ ವರ್ಷಾಬ್ದಿಕ ಎಂದು ಇಟ್ಟದ್ದು ಧರ್ಮಕ್ಕಾಗಿ ಇರಬಹುದು. ಆದರೆ ಅದರಿಂದ ಒಂದು ಉಪಕಾರವಾಗುತ್ತಿತ್ತು. ತಿಂಗಳಿಗೊಮ್ಮೆಯಾದರೂ ನಾಲ್ಕು ಜನ ಮನೆಗೆ ಬಂದು, ಎಲೆ ಹಾಸಿ ಕೂತು, ಸತ್ತವರ ಹೆಸರು ಹೇಳುತ್ತಿದ್ದರು.

ಇಲ್ಲಿ ನಮ್ಮ ಸ್ಥಿತಿ ಏನು? ನಡುರಾತ್ರಿ ಫೋನ್ ಬರುತ್ತದೆ. ಸಿಕ್ಕಿದ ವಿಮಾನ ಹಿಡಿದು ಹೋಗುವಷ್ಟರಲ್ಲಿ ಚಿತೆ ಆರಿರುತ್ತದೆ. 2020 ಮತ್ತು 2021ರ ಕೋವಿಡ್ ಕಾಲದಲ್ಲಂತೂ ನಮ್ಮಲ್ಲಿ ಎಷ್ಟೋ ಮಂದಿ ಹೆತ್ತವರ ಅಂತ್ಯಕ್ರಿಯೆಯನ್ನು ಅಂಗೈಯಗಲದ ಪರದೆಯ ಮೇಲೆ ನೋಡಿದೆವು. ರಜೆ ಮುಗಿದೊಡನೆ ಸೋಮವಾರ ಕೆಲಸಕ್ಕೆ ಹಾಜರು. ಬಳಗದ ಸಭೆಯಲ್ಲಿ ಒಂದು ನಿಮಿಷ ಮೌನ, ಆಮೇಲೆ ಕಾರ್ಯಕ್ರಮ. ಮೂರನೆಯ ವಾರಕ್ಕೆ ‘ಈಗ ಸುಧಾರಿಸಿಕೊಂಡಿರಾ?’ ಎಂದು ಕೇಳುತ್ತೇವೆ. ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಪ್ರಶ್ನೆಯೊಳಗೆ ‘ಹೌದು’ ಎಂಬ ಒಂದೇ ಉತ್ತರಕ್ಕೆ ಜಾಗವಿದೆ. ಕಿರುಚಿತ್ರದ ನಾಯಕನಂತೆ ಹೊದಿಕೆ ಕಿತ್ತೊಗೆದು ಎಲ್ಲರೂ ಬೇಗ ರಸ್ತೆಗಿಳಿಯಲಿ ಎಂಬುದು ನಮ್ಮೆಲ್ಲರ ಒಳ ಆಸೆ, ಏಕೆಂದರೆ ಅವರ ದುಃಖ ನಮಗೆ ನಮ್ಮದನ್ನು ನೆನಪಿಸುತ್ತದೆ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. ಬಳಗದ ಯಾವುದೇ ಮನೆಯಲ್ಲಿ ಸಾವಾದರೆ ಮೊದಲ ವಾರ ಎಲ್ಲರೂ ಹೋಗುತ್ತೇವೆ, ಡಬ್ಬಿಗಳು ಫ್ರಿಜ್ಜಿನಲ್ಲಿ ಹಿಡಿಸುವುದಿಲ್ಲ. ಮೂರನೆಯ ತಿಂಗಳು, ಆರನೆಯ ತಿಂಗಳು, ವರ್ಷದ ದಿನ ಯಾರೂ ಇರುವುದಿಲ್ಲ. ಆ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳೋಣ. ಸಾರು ಅನ್ನದ ಡಬ್ಬಿ ಹಿಡಿದು ಒಂದು ಗಂಟೆ ಹೋಗಿ ಕೂತು, ಸತ್ತವರ ಹೆಸರನ್ನು ಬಾಯಿಬಿಟ್ಟು ಹೇಳೋಣ. ‘ನಿಮ್ಮ ತಾಯಿ ಮಾಡುತ್ತಿದ್ದ ಹುಳಿ ನೆನಪಿದೆ’ ಎಂದರೆ ಸಾಕು. ಕೆಲಸಕ್ಕೆ ಬೇಗ ಮರಳಿದವರನ್ನು ಕಲ್ಲುಹೃದಯದವರೆನ್ನುವುದು ಬೇಡ. ಮರಳಲಾಗದೆ ಹಾದಿ ಬದಲಿಸಿದವರನ್ನು ದುರ್ಬಲರೆನ್ನುವುದೂ ಬೇಡ.

ಸಹಚಾಲಕನ ಕೆಲಸವೂ ಇಷ್ಟೇ ಅಲ್ಲವೇ? ಅವನು ಸ್ಟೀರಿಂಗ್ ಹಿಡಿಯುವುದಿಲ್ಲ, ಬ್ರೇಕ್ ಒತ್ತುವುದಿಲ್ಲ, ರಸ್ತೆಯನ್ನು ನೇರ ಮಾಡುವುದೂ ಅವನಿಂದಾಗದು. ಪಕ್ಕದಲ್ಲಿ ಕೂತು, ಮುಂದೆ ತಿರುವಿದೆ, ನಾನು ಇಲ್ಲೇ ಇದ್ದೇನೆ ಎನ್ನುತ್ತಾನೆ. ಜೇಮ್ಸ್ ಫುಲ್ಟನ್ ಕೂಡ ಮುಂದೆ ಇನ್ನೊಬ್ಬ ಯುವ ಚಾಲಕನ ಪಕ್ಕದಲ್ಲಿ ಕೂತು ಮತ್ತೆ ಪುಸ್ತಕ ತೆರೆದರು. ನಮ್ಮ ಬಳಗದ ಎಲ್ಲ ಮನೆಗಳಿಗೂ ಹಾಗೆ ಪಕ್ಕದಲ್ಲಿ ಕೂರುವವರು ಸಿಗಲಿ, ನಾವೂ ಒಬ್ಬರಿಗಾದರೂ ಹಾಗೆ ಕೂರುವಂತಾಗಲಿ ಎಂದು ಹಾರೈಸುತ್ತೇವೆ.